ಚಿಕ್ಕ ಪಾತ್ರೆಯ ಹಾಲು ಬೇಗ ಉಕ್ಕುತ್ತದೆ: ಕುಬ್ಜ ಗೆಲಾಕ್ಸಿಗಳ ಬಗ್ಗೆ ಹಿರಿಯೂರು ಕಡೆಯ ಮೇಷ್ಟ್ರಿಗೆ ಉತ್ತರ

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ಕುಬ್ಜ ಗೆಲಾಕ್ಸಿಗಳಿಗೂ ನಮ್ಮ ಕ್ಷೀರಪಥದಷ್ಟೇ ವಯಸ್ಸಾಗಿದ್ದರೂ ಅವುಗಳಲ್ಲಿ ಆಕ್ಸಿಜನ್, ಕಬ್ಬಿಣ ತೀರಾ ಕಡಿಮೆ ಎಂದು ಓದಿದೆ. ಇಷ್ಟು ಕಾಲ ಬದುಕಿಯೂ ಯಾಕೆ ಹಾಗೆ? ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇನ್ನೊಂದು ಕೇಳಿದಳು: ‘ಅಷ್ಟೊಂದು ಗ್ಯಾಸ್ ಇದ್ದರೂ ಅವು ಯಾಕೆ ಎಲ್ಲವನ್ನೂ ನಕ್ಷತ್ರ ಮಾಡಿಕೊಂಡಿಲ್ಲ?’ ನಮ್ಮೂರಿಂದ ಅಂಥ ಗೆಲಾಕ್ಸಿ ಕಾಣುತ್ತದೆಯೇ ಎಂದೂ ತಿಳಿಸಿ.

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ನಾನು ಬೆಳೆದಿದ್ದು ಚಿತ್ರದುರ್ಗದ ಕೋಟೆಯ ಬುಡದಲ್ಲಿ. ಈಗ ನನ್ನ ಕೆಲಸ ಇಂಥ ಪುಟ್ಟ ಗೆಲಾಕ್ಸಿಗಳ ಬೆಳಕನ್ನು ಬಿಡಿಸಿ, ಒಳಗೆ ಏನೇನು ಎಷ್ಟೆಷ್ಟಿದೆ ಎಂದು ಲೆಕ್ಕ ಹಾಕುವುದು. ಆ ಹುಡುಗಿ ಕೇಳಿದ ಪ್ರಶ್ನೆ ನಮ್ಮ ಕ್ಷೇತ್ರದಲ್ಲಿ ಇವತ್ತಿಗೂ ಜನ ತಲೆ ಕೆಡಿಸಿಕೊಂಡು ಕೂತಿರುವ ಪ್ರಶ್ನೆ. ಅವಳಿಗೆ ಇದನ್ನು ಮರೆಯದೆ ಹೇಳಿ.

ಮೊದಲು ಚಿಕ್ಕ ಉತ್ತರ. ಈ ಗೆಲಾಕ್ಸಿಗಳೂ ದುಡಿದಿವೆ. ಆದರೆ ದುಡಿದದ್ದು ಕೈಯಲ್ಲಿ ನಿಂತಿಲ್ಲ. ಉಳಿದದ್ದೆಲ್ಲ ಇದರ ವಿವರ.

ಕುಬ್ಜ ಎಂದರೆ ಎಷ್ಟು ಕುಬ್ಜ? ನಮ್ಮ ಕ್ಷೀರಪಥದಲ್ಲಿ 10,000 ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಕುಬ್ಜಗಳಲ್ಲಿ ದೊಡ್ಡವು ಎಂದರೆ ಕೆಲವು ನೂರು ಕೋಟಿ ಸೂರ್ಯರಷ್ಟು ತೂಗುತ್ತವೆ. ಚಿಕ್ಕವು ನಂಬಲಿಕ್ಕೆ ಕಷ್ಟವಾಗುವಷ್ಟು ಚಿಕ್ಕವು. ನಮ್ಮಿಂದ ಸುಮಾರು 75,000 ಬೆಳಕಿನ ವರ್ಷ ದೂರದಲ್ಲಿ ಸೆಗ್ಯೂ 1 ಎಂಬ ಗೆಲಾಕ್ಸಿ ಇದೆ. ಅದರ ಎಲ್ಲ ನಕ್ಷತ್ರಗಳ ಬೆಳಕು ಕೂಡಿಸಿದರೂ ಕೆಲವು ನೂರು ಸೂರ್ಯರ ಬೆಳಕಿಗೆ ಸಮ. ಕ್ಷೀರಪಥದಲ್ಲಿ ಇಡೀ ಸೆಗ್ಯೂ 1ಕ್ಕಿಂತ ಜಾಸ್ತಿ ಬೆಳಗುವ ಒಂಟಿ ನಕ್ಷತ್ರಗಳು ಬೇಕಾದಷ್ಟಿವೆ. ಆದರೂ ಅದು ಗೆಲಾಕ್ಸಿಯೇ. ಏಕೆಂದರೆ ಅದನ್ನು ಹಿಡಿದಿಟ್ಟಿರುವುದು ಕಣ್ಣಿಗೆ ಕಾಣದ ಕಪ್ಪು ದ್ರವ್ಯ. ನಕ್ಷತ್ರಗಳು ಓಡಾಡುವ ವೇಗ ನೋಡಿದರೆ ಅದರ ತೂಕ ಗೊತ್ತಾಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮಕ್ಕಳು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಖಗೋಳದವರು ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದ ಎಲ್ಲವನ್ನೂ ‘ಲೋಹ’ ಎನ್ನುತ್ತಾರೆ. ಆಕ್ಸಿಜನ್ ಕೂಡ ಲೋಹ, ಕಾರ್ಬನ್ ಕೂಡ ಲೋಹ. ಕೆಮಿಸ್ಟ್ರಿ ಪಾಠಕ್ಕೆ ಇದು ಹೊಂದುವುದಿಲ್ಲ, ಆದರೆ ನಮ್ಮಲ್ಲಿ ರೂಢಿ ಹೀಗೆ. ಮಹಾಸ್ಫೋಟದಿಂದ ಬಂದದ್ದು ಹೈಡ್ರೋಜನ್, ಹೀಲಿಯಂ, ಚಿಟಿಕೆಯಷ್ಟು ಲಿಥಿಯಂ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ನಕ್ಷತ್ರಗಳ ಕೈಕೆಲಸ. ನಮ್ಮ ಸೂರ್ಯನಲ್ಲಿ ತೂಕದ ಲೆಕ್ಕದಲ್ಲಿ ಇಂಥ ‘ಲೋಹ’ ಶೇ. 1.4ರ ಆಸುಪಾಸು. ಇಷ್ಟೇ. ಹೊಳಲ್ಕೆರೆ ಕಡೆಯ ಕಬ್ಬಿಣದ ಅದಿರು, ಇಂಗಳದಾಳದ ತಾಮ್ರ, ನಮ್ಮ ಮೂಳೆಯ ಕ್ಯಾಲ್ಸಿಯಂ, ಎಲ್ಲವೂ ಆ ಜಾತಿಯವು.

ಈಗ ಒಂದು ಕೆರೆ ಕಲ್ಪಿಸಿಕೊಳ್ಳಿ. ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಹೊಸ ನೀರೂ ಬರುವುದಿಲ್ಲ. ಬಿಸಿಲಿಗೆ ನೀರು ಆರುತ್ತಾ ಹೋದ ಹಾಗೆ ಉಳಿದ ನೀರಿನಲ್ಲಿ ಉಪ್ಪಿನ ಅಂಶ ಏರುತ್ತದೆ. ಗೆಲಾಕ್ಸಿಯ ರಾಸಾಯನಿಕ ಬೆಳವಣಿಗೆಗೆ ಮೊದಲು ಬರೆದ ಲೆಕ್ಕವೂ ಹೆಚ್ಚುಕಡಿಮೆ ಇಂಥದ್ದೇ. ಅನಿಲ ನಕ್ಷತ್ರವಾಗುತ್ತದೆ, ನಕ್ಷತ್ರ ಸಾಯುವಾಗ ಲೋಹ ಬೆರೆಸಿ ಅನಿಲ ವಾಪಸ್ ಕೊಡುತ್ತದೆ, ಅನಿಲ ಕಡಿಮೆಯಾದ ಹಾಗೆ ಲೋಹದ ಪಾಲು ಏರುತ್ತದೆ. ಇದಕ್ಕೆ ‘ಮುಚ್ಚಿದ ಪೆಟ್ಟಿಗೆ’ಯ ಲೆಕ್ಕ ಎನ್ನುತ್ತಾರೆ. ಗೆಲಾಕ್ಸಿಯಲ್ಲಿ ಅನಿಲ ಎಷ್ಟು ಪಾಲು ಉಳಿದಿದೆ ಎಂದು ಗೊತ್ತಾದರೆ ಸಾಕು, ಲೋಹ ಎಷ್ಟಿರಬೇಕು ಎಂದು ಒಂದು ಸಾಲಿನ ಸಮೀಕರಣ ಹೇಳಿಬಿಡುತ್ತದೆ.

ಆ ಸಮೀಕರಣವನ್ನು ಕುಬ್ಜಗಳ ಮೇಲೆ ಹಾಕಿದರೆ ಅದು ಸೋಲುತ್ತದೆ. ಲೆಕ್ಕ ಹೇಳುವುದಕ್ಕಿಂತ ತೀರಾ ಕಡಿಮೆ ಲೋಹ ಕಾಣುತ್ತದೆ. ಅಂದರೆ ಕೆರೆ ಮುಚ್ಚಿಲ್ಲ. ಎಲ್ಲೋ ಕೋಡಿ ಬಿದ್ದಿದೆ.

ನಿಮಗೆ ವಾಣಿವಿಲಾಸ ಸಾಗರದ ಉದಾಹರಣೆ ಕೊಡಬೇಕಾಗಿಲ್ಲ, ನೀವು ಅದರ ಪಕ್ಕದಲ್ಲೇ ಇದ್ದೀರಿ. 1907ರಲ್ಲಿ ಕಟ್ಟಿ ಮುಗಿದ ಆ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ, ಮತ್ತೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟು ದೊಡ್ಡ ಪಾತ್ರೆ ಅದು, ಬಂದದ್ದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಕ್ಷೀರಪಥ ಆ ಜಾತಿಯದ್ದು. ಕುಬ್ಜ ಗೆಲಾಕ್ಸಿ ಊರಾಚೆಯ ಸಣ್ಣ ಕಟ್ಟೆಯ ಹಾಗೆ. ಒಂದು ಹದ ಮಳೆ ಬಿದ್ದರೆ ಸಾಕು, ಕೋಡಿ ಹರಿಯುತ್ತದೆ.

ಆದರೆ ಕೆರೆಗಿಂತ ಒಲೆ ಮೇಲಿನ ಹಾಲು ಇಲ್ಲಿ ಜಾಸ್ತಿ ಹೊಂದುತ್ತದೆ. ಚಿಕ್ಕ ಪಾತ್ರೆಯಲ್ಲಿ ಹಾಲಿಟ್ಟು ಜೋರು ಉರಿ ಹಾಕಿ. ಕಣ್ಣು ಮಿಟುಕಿಸುವಷ್ಟರಲ್ಲಿ ಉಕ್ಕಿಬಿಡುತ್ತದೆ. ಉಕ್ಕುವಾಗ ಮೊದಲು ಹೋಗುವುದು ಮೇಲಿನ ಕೆನೆ. ಜೊತೆಗೆ ಉಕ್ಕಿದ ಹಾಲು ಒಲೆಯ ಮೇಲೆ ಸುರಿದು ಒಲೆಯೂ ಆರುತ್ತದೆ. ಕುಬ್ಜ ಗೆಲಾಕ್ಸಿಯಲ್ಲಿ ಈ ಮೂರೂ ಆಗುತ್ತವೆ. ಒಂದೊಂದಾಗಿ ನೋಡೋಣ.

ಉಕ್ಕುವುದು ಏಕೆ? ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದ ನಕ್ಷತ್ರಗಳು ಅಲ್ಪಾಯುಷಿಗಳು. ಹುಟ್ಟಿದ 30 ಲಕ್ಷದಿಂದ 4 ಕೋಟಿ ವರ್ಷದೊಳಗೆ ಅವುಗಳ ಕಥೆ ಮುಗಿಯುತ್ತದೆ. ಅವುಗಳಲ್ಲಿ ಬಹಳಷ್ಟು ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಸೂರ್ಯನ ಆಯುಸ್ಸು 1,000 ಕೋಟಿ ವರ್ಷ ಎಂದು ನೆನೆದರೆ ಇದು ಎಷ್ಟು ಚಿಕ್ಕದು ಗೊತ್ತಾಗುತ್ತದೆ. ಸಿಡಿದ ಚೂರುಗಳು ಮೊದಲು ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದಲ್ಲಿ ಹೊರಟು, ಸುತ್ತಲಿನ ಅನಿಲಕ್ಕೆ ಗುದ್ದಿ ಅದನ್ನು ಕಾಯಿಸುತ್ತವೆ. ಹತ್ತಾರು ನಕ್ಷತ್ರಗಳು ಒಂದೇ ಗುಂಪಿನಲ್ಲಿ ಸಿಡಿದರೆ ಬಿಸಿ ಗುಳ್ಳೆಯೊಂದು ಏಳುತ್ತದೆ. ಅದರೊಳಗಿನ ಅನಿಲ ಹತ್ತು ಲಕ್ಷ ಡಿಗ್ರಿ ಮುಟ್ಟುತ್ತದೆ. ಅಷ್ಟು ಬಿಸಿಯಲ್ಲಿ ಹೈಡ್ರೋಜನ್ ಕಣಗಳು ಸೆಕೆಂಡಿಗೆ ಸುಮಾರು 150 ಕಿ.ಮೀ. ವೇಗದಲ್ಲಿ ಓಡಾಡುತ್ತವೆ.

ಈಗ ತಪ್ಪಿಸಿಕೊಳ್ಳುವ ವೇಗ ನೆನಪಿಸಿಕೊಳ್ಳಿ. ಭೂಮಿಯಿಂದ ಪಾರಾಗಲು ಸೆಕೆಂಡಿಗೆ 11.2 ಕಿ.ಮೀ. ಬೇಕು ಎಂದು ನೀವೇ ಪಾಠ ಮಾಡಿರುತ್ತೀರಿ. ಸೂರ್ಯ ಇರುವ ಜಾಗದಿಂದ ಕ್ಷೀರಪಥ ದಾಟಿ ಹೋಗಲು 500 ಕಿ.ಮೀ.ಗಿಂತ ಹೆಚ್ಚು ಬೇಕು. ಹಾಗಾಗಿ ನಮ್ಮಲ್ಲಿ ಬಿಸಿ ಅನಿಲ ತಟ್ಟೆಯಿಂದ ಮೇಲೆ ಚಿಮ್ಮಿದರೂ, ತಣ್ಣಗಾಗಿ ಬಹುಪಾಲು ವಾಪಸ್ ಬೀಳುತ್ತದೆ, ಕಾರಂಜಿಯ ಹಾಗೆ. ಪುಟ್ಟ ಕುಬ್ಜದಿಂದ ಹೊರಡಲು ಬೇಕಾದ ವೇಗ ಕೆಲವು ಹತ್ತು ಕಿ.ಮೀ. ಮಾತ್ರ. ಒಮ್ಮೆ ಬಿಸಿಯಾದ ಅನಿಲವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಇಲ್ಲ. ಕಪ್ಪು ದ್ರವ್ಯ ಎಷ್ಟು ಪಾಲು ಇದ್ದರೂ ಒಟ್ಟು ತೂಕ ಸಾಲದು.

ಎರಡನೆಯದು ಕೆನೆಯ ಮಾತು. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ಹೊರಗೆ ಹೋಗುವ ಬಿಸಿ ಅನಿಲ ಯಾವುದು? ಈಗಷ್ಟೇ ಸಿಡಿದ ನಕ್ಷತ್ರದ ಒಡಲಿನಿಂದ ಬಂದದ್ದು. ಅಂದರೆ ಹೊಸದಾಗಿ ತಯಾರಾದ ಆಕ್ಸಿಜನ್, ಮೆಗ್ನೀಸಿಯಂ ತುಂಬಿಕೊಂಡದ್ದು. ಸುತ್ತ ದೂರದಲ್ಲಿರುವ ತಣ್ಣನೆಯ ಹೈಡ್ರೋಜನ್ ಅಲ್ಲೇ ಉಳಿಯುತ್ತದೆ. ಲೋಹ ಮಾತ್ರ ಆರಿಸಿ ಎತ್ತಿದ ಹಾಗೆ ಹೊರಟುಹೋಗುತ್ತದೆ. ಹಾಗಾಗಿ ಕುಬ್ಜದಲ್ಲಿ ಅನಿಲ ಇದ್ದೂ ಲೋಹ ಇಲ್ಲ.

ಇದಕ್ಕೆ ಕಣ್ಣೆದುರಿನ ಸಾಕ್ಷಿ ಲಿಯೋ ಪಿ. ಸಿಂಹ ರಾಶಿಯ ದಿಕ್ಕಿನಲ್ಲಿ, ಸುಮಾರು 53 ಲಕ್ಷ ಬೆಳಕಿನ ವರ್ಷ ದೂರದಲ್ಲಿರುವ ಪುಟ್ಟ ಗೆಲಾಕ್ಸಿ. 2013ರಲ್ಲಿ ಬೆಳಕಿಗೆ ಬಂತು. ಮೊದಲು ಸಿಕ್ಕಿದ್ದು ರೇಡಿಯೋ ಅಲೆಯಲ್ಲಿ, ಅದರ ಹೈಡ್ರೋಜನ್ ಮೂಲಕ. ನಕ್ಷತ್ರಗಳ ತೂಕ ಆರು ಲಕ್ಷ ಸೂರ್ಯರಿಗಿಂತ ಕಡಿಮೆ. ಆಕ್ಸಿಜನ್ ಪ್ರಮಾಣ ಸೂರ್ಯನದ್ದರ ಶೇ. 3ರಷ್ಟು. ಸುತ್ತಮುತ್ತ ಕಾಟ ಕೊಡುವ ದೊಡ್ಡ ಗೆಲಾಕ್ಸಿ ಯಾವುದೂ ಇಲ್ಲ, ಒಂಟಿಯಾಗಿದೆ. ಅಲ್ಲಿ ಇದುವರೆಗೆ ಹುಟ್ಟಿದ ನಕ್ಷತ್ರಗಳನ್ನು ಎಣಿಸಿ, ಅವು ಒಟ್ಟು ಎಷ್ಟು ಆಕ್ಸಿಜನ್ ತಯಾರಿಸಿರಬೇಕು ಎಂದು ಲೆಕ್ಕ ಹಾಕಿದರು. ಆಮೇಲೆ ಈಗ ನಕ್ಷತ್ರಗಳಲ್ಲಿ ಎಷ್ಟಿದೆ, ಅನಿಲದಲ್ಲಿ ಎಷ್ಟಿದೆ ಎಂದು ಅಳೆದರು. ಉಳಿದಿದ್ದು ಶೇ. 5 ಮಾತ್ರ. ನೂರು ರೂಪಾಯಿ ದುಡಿದು ಐದು ರೂಪಾಯಿ ಉಳಿಸಿದ ಮನೆ. ಕದ್ದವರು ಯಾರೂ ಇಲ್ಲ, ತಾನೇ ಹಚ್ಚಿದ ಒಲೆಯ ಉರಿಗೆ ಉಕ್ಕಿ ಹೋದದ್ದು.

ಒಲೆ ಆರುವ ಮಾತಿಗೆ ಬಂದರೆ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೂ ಬಂದ ಹಾಗೆ.

ನಕ್ಷತ್ರ ಹುಟ್ಟಬೇಕಾದರೆ ಅನಿಲ ಇದ್ದರೆ ಸಾಲದು. ಅದು ತಣ್ಣಗಾಗಬೇಕು, ದಟ್ಟವಾಗಬೇಕು. ಬಿಸಿ ಅನಿಲ ಒಳಗಿನ ಒತ್ತಡದಿಂದ ಕುಸಿಯದೆ ನಿಲ್ಲುತ್ತದೆ. ಅದು ತಣ್ಣಗಾಗುವುದು ಬೆಳಕು ಚೆಲ್ಲಿ. ಬೆಳಕು ಚೆಲ್ಲಲು ಕಾರ್ಬನ್, ಆಕ್ಸಿಜನ್ ಪರಮಾಣುಗಳು, ದೂಳಿನ ಕಣಗಳು ಬಹಳ ಸಹಾಯ ಮಾಡುತ್ತವೆ. ಹೈಡ್ರೋಜನ್ ಪರಮಾಣುಗಳು ಜೋಡಿಯಾಗಿ ಅಣುವಾಗುವುದೂ ಬಹುಪಾಲು ದೂಳಿನ ಮೈಮೇಲೆ. ಲೋಹ ಕಡಿಮೆ ಎಂದರೆ ದೂಳು ಕಡಿಮೆ. ದೂಳು ಕಡಿಮೆ ಎಂದರೆ ನಕ್ಷತ್ರಗಳ ನೇರಳಾತೀತ ಬೆಳಕನ್ನು ತಡೆಯುವ ಮರೆಯೂ ಇಲ್ಲ. ಆ ಬೆಳಕು ಇದ್ದಬದ್ದ ಅಣುಗಳನ್ನೂ ಒಡೆಯುತ್ತದೆ. ನೋಡಿ, ಬಡತನ ಬಡತನವನ್ನೇ ಎಳೆದು ತರುತ್ತದೆ. ಲೋಹ ಇಲ್ಲದ್ದರಿಂದ ನಕ್ಷತ್ರ ಹುಟ್ಟುವುದು ನಿಧಾನ, ನಕ್ಷತ್ರ ಹುಟ್ಟದ್ದರಿಂದ ಲೋಹ ಬರುವುದು ನಿಧಾನ.

ಅನಿಲ ತೆಳ್ಳಗೆ ಹರಡಿಕೊಂಡಿರುವುದು ಇನ್ನೊಂದು ಕಾರಣ. ಪುಣೆ ಹತ್ತಿರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ ನಮ್ಮ ದೇಶದ ಹೆಮ್ಮೆ. ಒಂದೊಂದೂ 45 ಮೀಟರ್ ಅಗಲದ 30 ಡಿಶ್‌ಗಳು. ಹೈಡ್ರೋಜನ್ ಪರಮಾಣು ಹೊರಸೂಸುವ 21 ಸೆಂ.ಮೀ. ರೇಡಿಯೋ ಅಲೆಯನ್ನು ಹಿಡಿದು, ತೀರಾ ಮಂಕಾದ ಕುಬ್ಜಗಳ ಅನಿಲದ ನಕ್ಷೆಗಳನ್ನು ಅಲ್ಲಿ ತೆಗೆದಿದ್ದಾರೆ. ಇಂಥ ನಕ್ಷೆಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ನಕ್ಷತ್ರಗಳು ನಡುವೆ ಒಂದು ಸಣ್ಣ ಗುಂಪಾಗಿರುತ್ತವೆ, ಅನಿಲ ಮಾತ್ರ ಅದರ ಆಚೆ ಬಹು ದೂರದವರೆಗೆ ತೆಳುವಾಗಿ ಹಬ್ಬಿರುತ್ತದೆ. ಹಲವು ಕುಬ್ಜಗಳಲ್ಲಿ ನಕ್ಷತ್ರಗಳ ತೂಕಕ್ಕಿಂತ ಅನಿಲದ ತೂಕವೇ ಜಾಸ್ತಿ. ಈಗಿನ ವೇಗದಲ್ಲೇ ನಕ್ಷತ್ರ ಹುಟ್ಟುತ್ತಾ ಹೋದರೆ ಆ ಅನಿಲ ಮುಗಿಯಲು ವಿಶ್ವದ ಇದುವರೆಗಿನ ವಯಸ್ಸೂ ಸಾಲದು. ವಿಶ್ವದ ವಯಸ್ಸು 1,380 ಕೋಟಿ ವರ್ಷ.

ಹಾಗಾಗಿ ಅಲ್ಲಿ ನಕ್ಷತ್ರ ಹುಟ್ಟುವುದು ಬಿಟ್ಟು ಬಿಟ್ಟು. ಚಳ್ಳಕೆರೆ ಕಡೆಯ ಮಳೆಯಾಶ್ರಿತ ಹೊಲ ನೋಡಿದ್ದೀರಲ್ವಾ, ಹಾಗೆ. ಹದ ಮಳೆ ಬಂದ ವರ್ಷ ಶೇಂಗಾ ಬಿತ್ತನೆ ಭರಾಟೆ. ಇಲ್ಲದಿದ್ದರೆ ಹೊಲ ಸುಮ್ನೆ ಬಿದ್ದಿರುತ್ತದೆ. ಕುಬ್ಜದಲ್ಲಿ ಒಂದಿಷ್ಟು ಅನಿಲ ಒಟ್ಟುಗೂಡಿದಾಗ ನಕ್ಷತ್ರಗಳು ಒಮ್ಮೆಲೇ ಹುಟ್ಟುತ್ತವೆ. ಅವು ಸಿಡಿದು ಅನಿಲವನ್ನು ಚದುರಿಸುತ್ತವೆ. ಒಲೆ ಆರುತ್ತದೆ. ಅನಿಲದ ಒಂದು ಪಾಲು ಮತ್ತೆ ಇಳಿದು ತಣ್ಣಗಾಗುವವರೆಗೆ ಕಾಯಬೇಕು. ಕರೈನಾ ಎಂಬ ಕುಬ್ಜದ ನಕ್ಷತ್ರಗಳನ್ನು ವಯಸ್ಸಿನ ಪ್ರಕಾರ ಬೇರ್ಪಡಿಸಿದರೆ ತಲೆಮಾರುಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ, ನಡುವೆ ನೂರಾರು ಕೋಟಿ ವರ್ಷದ ಮೌನ. ಲಿಯೋ ಎ ಎಂಬ ಇನ್ನೊಂದು ಕುಬ್ಜ ಇನ್ನೂ ವಿಚಿತ್ರ. ಅದರ ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ಶೇ. 90 ಹುಟ್ಟಿದ್ದು ಕಳೆದ 800 ಕೋಟಿ ವರ್ಷಗಳಲ್ಲಿ. ಮೊದಲಿನ ಅಷ್ಟೂ ಕಾಲ ಅನಿಲ ಇಟ್ಟುಕೊಂಡು ಕಾದಿತ್ತು.

ಎಲ್ಲ ಕುಬ್ಜಗಳೂ ಹೀಗೆ ಮತ್ತೆ ಎದ್ದು ಕೂರುವುದಿಲ್ಲ. ತೀರಾ ಚಿಕ್ಕವುಗಳ ಅನಿಲ ಶುರುವಿನಲ್ಲೇ ಹೋಯಿತು. ವಿಶ್ವಕ್ಕೆ ನೂರು ಕೋಟಿ ವರ್ಷ ತುಂಬುವ ಹೊತ್ತಿಗೆ ಮೊದಲ ಗೆಲಾಕ್ಸಿಗಳ ನೇರಳಾತೀತ ಬೆಳಕು ಎಲ್ಲೆಡೆ ಹರಡಿ, ಅನಿಲವನ್ನು ಸುಮಾರು 10,000 ಡಿಗ್ರಿಗೆ ಕಾಯಿಸಿತು. ದೊಡ್ಡ ಗೆಲಾಕ್ಸಿಗೆ ಅದು ಉಗುರುಬೆಚ್ಚಗೆ. ಅತಿ ಚಿಕ್ಕವುಗಳಿಗೆ ಅಷ್ಟೇ ಸಾಕಾಯಿತು, ಅನಿಲ ಕೈಜಾರಿತು. ಹಬಲ್ ದೂರದರ್ಶಕ ಇಂಥ ಆರು ಅತಿ ಮಂಕು ಗೆಲಾಕ್ಸಿಗಳನ್ನು ನೋಡಿದಾಗ, ನಕ್ಷತ್ರಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು 1,200 ಕೋಟಿ ವರ್ಷಕ್ಕೂ ಹಿಂದಿನವು ಎಂದು ಗೊತ್ತಾಯಿತು. ಇನ್ನು ಕೆಲವು ಕುಬ್ಜಗಳು ಕ್ಷೀರಪಥದ ಹತ್ತಿರ ಸುತ್ತಲು ಬಂದು ಕೆಟ್ಟವು. ನಮ್ಮ ಗೆಲಾಕ್ಸಿಯ ಸುತ್ತ ತೆಳುವಾದ ಬಿಸಿ ಅನಿಲದ ಹೊದಿಕೆ ಇದೆ. ಅದರೊಳಗೆ ವೇಗವಾಗಿ ನುಗ್ಗಿದ ಕುಬ್ಜದ ಅನಿಲ ಎದುರುಗಾಳಿಗೆ ಹಾರಿಹೋಗುತ್ತದೆ. ನಮ್ಮ ಹತ್ತಿರದ ಕುಬ್ಜಗಳಲ್ಲಿ ಮೆಗೆಲಾನಿಕ್ ಮೋಡಗಳು ಎಂಬ ಎರಡು ದೊಡ್ಡ ಕುಬ್ಜಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಅನಿಲ ಕಳೆದುಕೊಂಡಿರುವುದು ಈ ಎರಡು ಕಾರಣಗಳಿಂದ.

ನೀವು ಕೇಳದಿದ್ದರೂ ಮಕ್ಕಳು ಖಂಡಿತ ಕೇಳುತ್ತಾರೆ: ಅಷ್ಟು ದೂರದ ಆಕ್ಸಿಜನ್ ಅಳೆದಿದ್ದು ಹೇಗೆ?

ಎಳೆ ನಕ್ಷತ್ರಗಳ ಸುತ್ತಲಿನ ಅನಿಲ ಹೊಳೆಯುತ್ತದೆ. ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಹಸಿರು ಭಾಗದಲ್ಲಿ ಆಕ್ಸಿಜನ್‌ನ ಎರಡು ಗೆರೆಗಳು ಎದ್ದು ಕಾಣುತ್ತವೆ, 4959 ಮತ್ತು 5007 ಆಂಗ್‌ಸ್ಟ್ರಾಂ (ಬೆಳಕಿನ ಅಲೆಯ ಉದ್ದದ ಅಳತೆ). ಗೆರೆ ಪ್ರಖರವಾಗಿದ್ದರೆ ಆಕ್ಸಿಜನ್ ಜಾಸ್ತಿ ಎಂದು ಅನಿಸುತ್ತದೆ ಅಲ್ವಾ? ಹಾಗೆ ನಂಬಿದರೆ ಮೋಸ ಹೋಗುತ್ತೇವೆ. ಗೆರೆಯ ಪ್ರಖರತೆ ಆಕ್ಸಿಜನ್ ಎಷ್ಟಿದೆ ಎನ್ನುವುದರ ಮೇಲೂ, ಅನಿಲ ಎಷ್ಟು ಬಿಸಿ ಇದೆ ಎನ್ನುವುದರ ಮೇಲೂ ನಿಂತಿದೆ. ಆದ್ದರಿಂದ ಮೊದಲು ಜ್ವರ ನೋಡಬೇಕು. ಆ ಥರ್ಮಾಮೀಟರ್ 4363 ಆಂಗ್‌ಸ್ಟ್ರಾಂನಲ್ಲಿರುವ ಇನ್ನೊಂದು ಆಕ್ಸಿಜನ್ ಗೆರೆ, ಬಹಳ ಕ್ಷೀಣ. ಅನಿಲ ಬಿಸಿಯಿದ್ದಷ್ಟೂ ಈ ಗೆರೆ ಉಳಿದೆರಡಕ್ಕೆ ಹೋಲಿಸಿದರೆ ಬಲವಾಗುತ್ತದೆ.

ಇಲ್ಲೊಂದು ಸೊಗಸಿದೆ. ಆಕ್ಸಿಜನ್ ಅನಿಲವನ್ನು ತಣಿಸುತ್ತದೆ ಎಂದೆನಲ್ಲ. ಆಕ್ಸಿಜನ್ ಧಾರಾಳವಾಗಿರುವ ಕಡೆ ಅನಿಲ 10,000 ಡಿಗ್ರಿಗಿಂತ ಕೆಳಗಿಳಿದು ಆ ಕ್ಷೀಣ ಗೆರೆ ಕಾಣದೇ ಹೋಗುತ್ತದೆ. ಆಕ್ಸಿಜನ್ ಕಡಿಮೆ ಇರುವ ಬಡ ಕುಬ್ಜದಲ್ಲಿ ಅನಿಲ 20,000 ಡಿಗ್ರಿ ಹತ್ತಿರಕ್ಕೆ ಏರಿ ಅದೇ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಆಕ್ಸಿಜನ್ ಕಡಿಮೆ ಇದ್ದಲ್ಲೇ ಅದನ್ನು ನಿಖರವಾಗಿ ಅಳೆಯಬಹುದು! ಮೊದಲ ಬಾರಿ ನಾನೇ ತೆಗೆದ ಬೆಳಕಿನಲ್ಲಿ, ಗದ್ದಲದ ನಡುವೆ ಆ ಪುಟ್ಟ ಉಬ್ಬು ತಲೆ ಎತ್ತಿದ್ದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದೇ ಬಡ ಕುಬ್ಜಗಳ ಹೀಲಿಯಂ ಗೆರೆಗಳನ್ನು ಅಳೆದೇ ಮಹಾಸ್ಫೋಟದಲ್ಲಿ ತಯಾರಾದ ಹೀಲಿಯಂ ತೂಕದಲ್ಲಿ ಸುಮಾರು ಶೇ. 24–25 ಎಂದು ಗೊತ್ತುಮಾಡಿಕೊಂಡಿದ್ದು. ನಕ್ಷತ್ರಗಳು ಹೆಚ್ಚು ಕೈಯಾಡಿಸದ ಅನಿಲ ಬೇರೆಲ್ಲಿ ಸಿಗಬೇಕು?

ಈ ಅಳತೆಯಲ್ಲಿ ಹೆಸರಾದ ಗೆಲಾಕ್ಸಿ ಜ್ವಿಕಿ 18. ಪಟ್ಟಿಯಲ್ಲಿ ಅದರ ಪೂರ್ತಿ ಹೆಸರು ‘1 ಜ್ವಿಕಿ 18’, ಫ್ರಿಟ್ಜ್ ಜ್ವಿಕಿ ಅವರ ಪಟ್ಟಿ ಅದು. ದೂರ ಸುಮಾರು 5.9 ಕೋಟಿ ಬೆಳಕಿನ ವರ್ಷ. ನೀಲಿಯಾಗಿ ಹೊಳೆಯುತ್ತದೆ, ಅಂದರೆ ಎಳೆ ನಕ್ಷತ್ರಗಳ ರಾಶಿ. 1972ರಲ್ಲಿ ಸರ್ಲ್ ಮತ್ತು ಸಾರ್ಜೆಂಟ್ ಎಂಬ ಇಬ್ಬರು ವಿಜ್ಞಾನಿಗಳು ಅದರಲ್ಲಿ ಆಕ್ಸಿಜನ್ ತೀರಾ ಕಡಿಮೆ ಎಂದು ತೋರಿಸಿದರು. ಈಗಿನ ಲೆಕ್ಕದಲ್ಲಿ ಸೂರ್ಯನದ್ದರ ಮೂವತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಆಗ ಒಂದು ಪ್ರಶ್ನೆ ಎದ್ದಿತು. ಇದು ಈಗಷ್ಟೇ ಹುಟ್ಟಿದ ಗೆಲಾಕ್ಸಿಯೋ? ಲೋಹ ತಯಾರಿಸಲು ಸಮಯವೇ ಸಿಕ್ಕಿಲ್ಲವೋ? ಈ ವಾದ ದಶಕಗಟ್ಟಲೆ ನಡೆಯಿತು. ಕೊನೆಗೆ 2007ರಲ್ಲಿ ಹಬಲ್ ಚಿತ್ರಗಳಲ್ಲಿ ಮಂಕಾದ ಕೆಂಪು ನಕ್ಷತ್ರಗಳು ಕಂಡವು. ಕನಿಷ್ಠ 100 ಕೋಟಿ ವರ್ಷ ಹಳೆಯವು, ಅದಕ್ಕಿಂತ ಎಷ್ಟೋ ಹಳೆಯವಿರಲೂಬಹುದು. ಎಳೆ ಕೂಸು ಎಂದು ನಾವು ಎತ್ತಿಕೊಂಡಿದ್ದು ತಲೆ ನರೆತ ಅಜ್ಜಿಯನ್ನು. ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಅಲ್ಲಿದೆ: ಲೋಹ ಕಡಿಮೆ ಎಂದ ಮಾತ್ರಕ್ಕೆ ವಯಸ್ಸು ಕಡಿಮೆ ಎಂದು ತಿಳಿಯಬಾರದು.

ಇನ್ನೂ ಒಂದು ಕಾರಣ ಸೇರಿಸಬೇಕು, ಚಿಕ್ಕದು. ಹೊರಗಿನಿಂದ ಹೊಸ ಹೈಡ್ರೋಜನ್ ಗೆಲಾಕ್ಸಿಗೆ ಇಳಿದು ಬರುತ್ತಲೇ ಇರುತ್ತದೆ. ಸಾರಿಗೆ ನೀರು ಬೆರೆಸಿದರೆ ಉಪ್ಪು ಸಪ್ಪೆಯಾದ ಹಾಗೆ ಲೋಹದ ಪಾಲು ತೆಳುವಾಗುತ್ತದೆ. ಆದರೆ ನನ್ನ ಅಂದಾಜಿನಲ್ಲಿ ಕುಬ್ಜಗಳ ಮಟ್ಟಿಗೆ ಸೋರಿಕೆಯೇ ದೊಡ್ಡ ಕಾರಣ, ಬೆರಕೆ ಎರಡನೆಯದು. ಲಿಯೋ ಪಿಯ ಶೇ. 5ರ ಲೆಕ್ಕ ನನ್ನನ್ನು ಆ ಕಡೆ ಎಳೆಯುತ್ತದೆ, ಏಕೆಂದರೆ ನೀರು ಬೆರೆಸಿದರೆ ಉಪ್ಪು ಸಪ್ಪೆಯಾಗಬಹುದು, ಮಾಯವಾಗುವುದಿಲ್ಲ.

ಅನಿಲವೇ ಇಲ್ಲದ ಕುಬ್ಜಗಳ ಕಥೆ ಓದುವುದು ಹೇಗೆ? ಅಲ್ಲಿ ಒಂದೊಂದೇ ನಕ್ಷತ್ರವನ್ನು ಹಿಡಿದು ಕೇಳಬೇಕು. ನಕ್ಷತ್ರ ತಾನು ಹುಟ್ಟಿದ ದಿನದ ಅನಿಲದ ಸ್ಯಾಂಪಲ್ ಅನ್ನು ಮೇಲ್ಮೈಯಲ್ಲಿ ಜೋಪಾನ ಮಾಡಿ ಇಟ್ಟಿರುತ್ತದೆ. ಇದಕ್ಕೆ ನಮ್ಮ ದಾವಣಗೆರೆ ಕಡೆಯ ಬೇಸಾಯದಷ್ಟು ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಮೆಕ್ಕೆಜೋಳ ಹಾಕಿದರೆ ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ. ಚನ್ನಗಿರಿ ಕಡೆ ಅಡಿಕೆ ಸಸಿ ಇಟ್ಟರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಒಂದೇ ದಿನ ಎರಡನ್ನೂ ನೆಟ್ಟ ಮನೆಯಲ್ಲಿ ಮೊದಲ ವರ್ಷಗಳಲ್ಲಿ ಬರೀ ಮೆಕ್ಕೆಜೋಳ ಇರುತ್ತದೆ, ಅಡಿಕೆ ಇರುವುದಿಲ್ಲ.

ಆಕ್ಸಿಜನ್, ಮೆಗ್ನೀಸಿಯಂ ಮೆಕ್ಕೆಜೋಳ. ದೊಡ್ಡ ನಕ್ಷತ್ರಗಳು ಬೇಗ ಸಿಡಿದು ಕೊಡುತ್ತವೆ. ಕಬ್ಬಿಣದ ದೊಡ್ಡ ಪಾಲು ಅಡಿಕೆ. ಅದು ಬರುವುದು ಬಿಳಿ ಕುಬ್ಜ ನಕ್ಷತ್ರಗಳು ಸಿಡಿಯುವ ಇನ್ನೊಂದು ಬಗೆಯ ಸೂಪರ್‌ನೋವಾದಿಂದ. ಸೂರ್ಯನ ಎಂಟು ಪಟ್ಟಿಗಿಂತ ಕಡಿಮೆ ತೂಕದ ನಕ್ಷತ್ರ ಬಾಳಿ, ಬಿಳಿ ಕುಬ್ಜವೆಂಬ ಬೂದಿಯಾಗಿ, ಜೊತೆಗಾರ ನಕ್ಷತ್ರದ ಸಹವಾಸದಿಂದ ಸಿಡಿಯಬೇಕು. ಅದಕ್ಕೆ ಹತ್ತು ಕೋಟಿಯಿಂದ ನೂರಾರು ಕೋಟಿ ವರ್ಷ ಬೇಕು. ಹಾಗಾಗಿ ಹಳೆಯ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಜಾಸ್ತಿ. ಯಾವುದೋ ಹಂತದಲ್ಲಿ ಅಡಿಕೆ ಫಸಲು ಶುರುವಾಗಿ ಆ ಅನುಪಾತ ಇಳಿಯಲು ತೊಡಗುತ್ತದೆ.

ಇಳಿಯಲು ತೊಡಗುವ ಹೊತ್ತಿಗೆ ಕಬ್ಬಿಣ ಎಷ್ಟಿತ್ತು ಎನ್ನುವುದೇ ಗುಟ್ಟು. ಕ್ಷೀರಪಥದಲ್ಲಿ ಆ ತಿರುವು ಬರುವುದು ಸೂರ್ಯನ ಕಬ್ಬಿಣದ ಹತ್ತರಲ್ಲಿ ಒಂದು ಪಾಲಿನ ಹತ್ತಿರ. ಅಂದರೆ ಬಿಳಿ ಕುಬ್ಜಗಳು ಸಿಡಿಯುವ ಮೊದಲೇ ನಮ್ಮ ಗೆಲಾಕ್ಸಿ ಭರದಿಂದ ಕೆಲಸ ಮಾಡಿ ಅಷ್ಟು ದೂರ ಬಂದಿತ್ತು. 1938ರ ಹೊತ್ತಿಗೆ ಹಾರ್ಲೋ ಶಾಪ್ಲೆ ಪ್ರಕಟಿಸಿದ ಸ್ಕಲ್ಪ್ಟರ್ ಕುಬ್ಜದಲ್ಲಿ ಆ ತಿರುವು ಇನ್ನೂ ಎಷ್ಟೋ ಕಡಿಮೆ ಕಬ್ಬಿಣ ಇದ್ದಾಗಲೇ ಬಂದುಬಿಡುತ್ತದೆ. ಗಡಿಯಾರ ಎರಡೂ ಕಡೆ ಒಂದೇ. ಅದೇ ಸಮಯದಲ್ಲಿ ಸ್ಕಲ್ಪ್ಟರ್ ಕಡಿಮೆ ದೂರ ನಡೆದಿತ್ತು, ನಡೆದದ್ದರಲ್ಲಿ ಹಲವು ಹೆಜ್ಜೆ ಹೊರಗೆ ಸೋರಿತ್ತು. ನಕ್ಷತ್ರ ಹುಟ್ಟಿದ ವೇಗವನ್ನು, ಯಾರೂ ನೋಡದ ಸಾವಿರ ಕೋಟಿ ವರ್ಷ ಹಿಂದಿನ ವೇಗವನ್ನು, ಎರಡು ಮೂಲವಸ್ತುಗಳ ಅನುಪಾತದಿಂದ ಓದಬಹುದು. ನಕ್ಷತ್ರಗಳ ಚಲನೆಯ ಜೊತೆ ಇದೇ ಬೆರಳಚ್ಚನ್ನೂ ಹಿಡಿದು, ಬಹು ಹಿಂದೆ ಕ್ಷೀರಪಥ ನುಂಗಿದ ಗೆಲಾಕ್ಸಿಯೊಂದರ ನಕ್ಷತ್ರಗಳನ್ನು 2018ರಲ್ಲಿ ಗಯಾ ಉಪಗ್ರಹದ ಮಾಹಿತಿಯಿಂದ ಬೇರ್ಪಡಿಸಿದರು. ನಮ್ಮ ಮನೆಯಲ್ಲೇ ಬೇರೆ ಮನೆಯ ಪಾತ್ರೆಗಳು ಸಿಕ್ಕ ಹಾಗೆ.

ಚಿನ್ನದ ಕಥೆಯೂ ಕುಬ್ಜವೊಂದರಿಂದಲೇ ಸ್ಪಷ್ಟವಾಯಿತು. ರೆಟಿಕ್ಯುಲಂ 2 ಎಂಬ ಅತಿ ಮಂಕು ಗೆಲಾಕ್ಸಿ 2015ರಲ್ಲಿ ಸಿಕ್ಕಿತು, ದೂರ ಸುಮಾರು 1 ಲಕ್ಷ ಬೆಳಕಿನ ವರ್ಷ. ಅದರ ಒಂಬತ್ತು ನಕ್ಷತ್ರಗಳನ್ನು ಪರೀಕ್ಷಿಸಿದಾಗ ಏಳರಲ್ಲಿ ಯುರೋಪಿಯಂನಂಥ ಅತಿ ಭಾರದ ವಸ್ತುಗಳು ಎಷ್ಟೋ ಪಟ್ಟು ಜಾಸ್ತಿ ಇದ್ದವು. ಚಿನ್ನವೂ ಈ ಬಳಗದ್ದೇ. ಇಂಥ ಉಳಿದ ಪುಟ್ಟ ಗೆಲಾಕ್ಸಿಗಳಲ್ಲಿ ಅವು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅರ್ಥ ಏನು? ಈ ವಸ್ತುಗಳು ಪ್ರತಿ ಸೂಪರ್‌ನೋವಾದಲ್ಲೂ ಚೂರು ಚೂರು ತಯಾರಾಗಿದ್ದರೆ ಎಲ್ಲ ಕಡೆ ಚೂರು ಚೂರು ಇರಬೇಕಿತ್ತು. ಬಹಳ ಅಪರೂಪಕ್ಕೆ, ಒಂದೇ ಏಟಿಗೆ, ರಾಶಿ ರಾಶಿ ತಯಾರಾಗುತ್ತವೆ. ರೆಟಿಕ್ಯುಲಂ 2ರಲ್ಲಿ ಅಂಥ ಒಂದು ಘಟನೆ ನಡೆಯಿತು. ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸಿಡಿದ ದೊಡ್ಡ ನಕ್ಷತ್ರಗಳ ಅತಿ ದಟ್ಟ ಉಳಿಕೆಗಳು, ಡಿಕ್ಕಿ ಹೊಡೆದಿರಬೇಕು ಎಂಬ ಊಹೆ ಬಲವಾಯಿತು. 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಬೆಳಕಿನ ವರ್ಷ ದೂರದಲ್ಲಿ ನಡೆದ ಅಂಥ ಡಿಕ್ಕಿಯ ಗುರುತ್ವದ ಅಲೆ ಮತ್ತು ಬೆಳಕು ಎರಡೂ ನಮಗೆ ಸಿಕ್ಕವು. ಆ ಬೆಳಕಿನಲ್ಲಿ ಭಾರದ ವಸ್ತುಗಳು ತಯಾರಾದ ಗುರುತಿತ್ತು. ದೊಡ್ಡ ಸಂತೆಯಲ್ಲಿ ಒಬ್ಬನ ದನಿ ಕೇಳುವುದಿಲ್ಲ. ಪುಟ್ಟ ಗೆಲಾಕ್ಸಿಯಲ್ಲಿ ಒಂದೇ ಘಟನೆಯ ದನಿ ಸಾವಿರ ಕೋಟಿ ವರ್ಷಗಳ ಮೇಲೂ ಕೇಳುತ್ತದೆ. ನಾನು ಕುಬ್ಜಗಳನ್ನು ಬಿಟ್ಟು ಬೇರೆ ಕಡೆ ಹೋಗದಿರುವುದು ಇದಕ್ಕೇ.

ಈಗ ನಿಮ್ಮೂರಿಂದ ಏನು ಕಾಣುತ್ತದೆ ಎಂಬ ಮಾತು.

ಜನವರಿ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಅಗಸ್ತ್ಯ ನಕ್ಷತ್ರ ಥಟ್ಟನೆ ಸಿಗುತ್ತದೆ. ಅದರ ಕೆಳಗೆ, ಸ್ವಲ್ಪ ಬಲಕ್ಕೆ, ದಿಗಂತದಿಂದ ಬರೀ 6 ಡಿಗ್ರಿ ಎತ್ತರದಲ್ಲಿ ದೊಡ್ಡ ಮೆಗೆಲಾನಿಕ್ ಮೋಡ ಇರುತ್ತದೆ. ದೂರ 1.6 ಲಕ್ಷ ಬೆಳಕಿನ ವರ್ಷ. ಲೋಹ ಸೂರ್ಯನ ಅರ್ಧದಷ್ಟು. ಇವತ್ತಿಗೂ ಅಲ್ಲಿ ನಕ್ಷತ್ರಗಳು ಭರ್ಜರಿಯಾಗಿ ಹುಟ್ಟುತ್ತಿವೆ. 1987ರಲ್ಲಿ ಬರಿಗಣ್ಣಿಗೆ ಕಂಡ ಸೂಪರ್‌ನೋವಾ ಸಿಡಿದಿದ್ದೂ ಅಲ್ಲೇ. ಆದರೆ ದಿಗಂತದ ದೂಳು, ಮಂಜು ಅದನ್ನು ಬಹುತೇಕ ಮುಚ್ಚಿಬಿಡುತ್ತವೆ. ಕಾಣದಿದ್ದರೆ ಮಕ್ಕಳು ಬೇಜಾರು ಮಾಡಿಕೊಳ್ಳುವುದು ಬೇಡ.

ಖಾತ್ರಿಯಾಗಿ ತೋರಿಸಬೇಕೆಂದರೆ ಮೇ ತಿಂಗಳು ಒಳ್ಳೆಯದು, ರಜೆಯೂ ಇರುತ್ತದೆ. ಅಮಾವಾಸ್ಯೆ ಆಸುಪಾಸಿನ ದಿನ, ಊರಿನ ದೀಪ ದಾಟಿ, ದಕ್ಷಿಣ ದಿಕ್ಕು ತೆರೆದಿರುವ ಹೊಲದಲ್ಲಿ ನಿಲ್ಲಿ. ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣದಲ್ಲಿ ಸುಮಾರು 28 ಡಿಗ್ರಿ ಎತ್ತರದಲ್ಲಿ, ಅಂದರೆ ದಿಗಂತದಿಂದ ನೆತ್ತಿಯವರೆಗಿನ ಮೂರನೇ ಒಂದು ಪಾಲಿಗೆ ಸ್ವಲ್ಪ ಕೆಳಗೆ, ಮಬ್ಬಾದ ಒಂದು ಚುಕ್ಕೆ ಕಾಣುತ್ತದೆ. ನಕ್ಷತ್ರದ ಹಾಗೆ ಚೂಪಾಗಿರುವುದಿಲ್ಲ, ಹತ್ತಿಯ ಉಂಡೆಯಂತೆ ಇರುತ್ತದೆ. ಅದು ಒಮೆಗಾ ಸೆಂಟಾರಿ. ಬೈನಾಕ್ಯುಲರ್ ಇದ್ದರೆ ಇನ್ನೂ ಚೆಂದ. ಪುಸ್ತಕಗಳು ಅದನ್ನು ನಕ್ಷತ್ರಗುಚ್ಛ ಎನ್ನುತ್ತವೆ. ಆದರೆ ಅದರ ನಕ್ಷತ್ರಗಳಲ್ಲಿ ಕಬ್ಬಿಣ ಒಂದೇ ಸಮ ಇಲ್ಲ, ಹಲವು ತಲೆಮಾರುಗಳಿವೆ. ಗುಚ್ಛದಲ್ಲಿ ಹಾಗಿರುವುದಿಲ್ಲ, ಗೆಲಾಕ್ಸಿಯಲ್ಲಿ ಇರುತ್ತದೆ. ಹಾಗಾಗಿ ಕ್ಷೀರಪಥ ಎಂದೋ ನುಂಗಿದ ಒಂದು ಕುಬ್ಜದ ನಡುಗರ್ಭ ಅದು ಎಂದು ನಮ್ಮಲ್ಲಿ ಬಹಳ ಜನ ನಂಬುತ್ತಾರೆ, ನಾನೂ ನಂಬುತ್ತೇನೆ. ಆ ಪ್ರಶ್ನೆ ಕೇಳಿದ ಹುಡುಗಿಗೆ ಮೊದಲು ತೋರಿಸಿ.